ಟ್ರಂಕಮ್ಮನ ಮೂರು ನಿಮಿಷ

ಆ ಕಟ್ಟಡಕ್ಕೆ ಹೊಸದಾಗಿ ಬಾಡಿಗೆಗೆ ಬಂದವರು, ಮೂರನೇ ಮಹಡಿಯ ಹಿರಿಯಾಕೆಯನ್ನು ಎಲ್ಲರೂ ‘ಟ್ರಂಕಮ್ಮ’ ಎಂದು ಕರೆಯುವುದನ್ನು ಕೇಳಿ, ಅವಳ ಮಂಚದ ಕೆಳಗೆ ದೊಡ್ಡದೊಂದು ತಗಡಿನ ಪೆಟ್ಟಿಗೆ ಇರಬೇಕು ಎಂದುಕೊಳ್ಳುತ್ತಿದ್ದರು. ಕೆಳಗೆ ರಸ್ತೆಬದಿ ಅಂಗಡಿ ಇಟ್ಟುಕೊಂಡಿದ್ದ ಟೈಲರಮ್ಮನೂ ಮೊದಲ ಆರು ತಿಂಗಳು ಹಾಗೇ ನಂಬಿದ್ದಳು. ಒಂದು ದಿನ ಧೈರ್ಯ ಮಾಡಿ ಕೇಳಿಯೂ ಬಿಟ್ಟಳು.

“ಅಲ್ಲಾ ಅಮ್ಮಾ, ಆ ಟ್ರಂಕಲ್ಲಿ ಅಂಥದ್ದೇನಿದೆ?”

ಟ್ರಂಕಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. “ಊರವರ ಮಾತೆಲ್ಲ ಅದರಲ್ಲೇ ಇದೆ ಕಣೇ. ಬೀಗದ ಕೈ ಮಾತ್ರ ಸರ್ಕಾರ ತಗೊಂಡ್ಹೋಯ್ತು.”

ಟ್ರಂಕ್ ಕಾಲ್ ಅಂದರೇನೆಂದು ಈಗ ಬಿಡಿಸಿ ಹೇಳಬೇಕು. ದೂರದ ಊರಿನವರೊಡನೆ ಮಾತಾಡಬೇಕಾದರೆ ಆಗ ಮೊದಲು ಎಕ್ಸ್‌ಚೇಂಜಿಗೆ ಫೋನ್ ಮಾಡಿ ನಂಬರು ಬರೆಸಬೇಕಿತ್ತು. ಆಮೇಲೆ ಫೋನಿನ ಮುಂದೆ ಕಾಯುತ್ತ ಕೂರಬೇಕಿತ್ತು. ಲೈನು ಸಿಕ್ಕಾಗ ಎಕ್ಸ್‌ಚೇಂಜಿನ ಹುಡುಗಿ ಒಂದು ವೈರಿನ ತುದಿಯನ್ನು ಬೋರ್ಡಿನ ತೂತಿಗೆ ಚುಚ್ಚಿ, ಈ ಕಡೆಯವರಿಗೂ ಆ ಕಡೆಯವರಿಗೂ ಒಟ್ಟಿಗೇ “ಮಾತಾಡಿ” ಎಂದು ಹೇಳಿ ತಾನು ಪಕ್ಕಕ್ಕೆ ಸರಿಯುತ್ತಿದ್ದಳು. ಮೂರು ನಿಮಿಷಕ್ಕೊಂದು ದರ. ಬೇಗ ಸಿಗಬೇಕಾದರೆ ‘ಅರ್ಜೆಂಟ್’, ಅದಕ್ಕೆ ದುಪ್ಪಟ್ಟು. ಕೂಡಲೇ ಬೇಕಾದರೆ ‘ಲೈಟ್ನಿಂಗ್’. ಅದರ ದರ ಕೇಳಿದವರಿಗೆ ಮಿಂಚಿನ ಜೊತೆ ಗುಡುಗೂ ಕೇಳಿಸುತ್ತಿತ್ತು.

ಇಪ್ಪತ್ತೊಂದನೇ ವಯಸ್ಸಿನಿಂದ ಹದಿನೆಂಟು ವರ್ಷ ಟ್ರಂಕಮ್ಮ ಆ ಬೋರ್ಡಿನ ನಾಲ್ಕನೇ ಸೀಟಿನಲ್ಲಿ ಕೂತಿದ್ದಳು. ಉದ್ದ ಕೋಣೆಯಲ್ಲಿ ಸಾಲಾಗಿ ಹನ್ನೊಂದು ಎತ್ತರದ ತಿರುಗುಕುರ್ಚಿಗಳು. ನಾಲ್ಕನೆಯದನ್ನು ಅವಳ ಕಾಲಿನ ಉದ್ದಕ್ಕೆ ಸರಿಯಾಗಿ ತಿರುಗಿಸಿ ಬಿಗಿದಿದ್ದರು, ಬೇರೆ ಯಾರೂ ಅದರ ಎತ್ತರ ಮುಟ್ಟುತ್ತಿರಲಿಲ್ಲ. ಹೆಡ್‌ಸೆಟ್ಟಿನ ಪಟ್ಟಿ ಕೂತೂ ಕೂತೂ ಅವಳ ಬೈತಲೆಯೇ ಒಂದು ಬೆರಳಷ್ಟು ಎಡಕ್ಕೆ ಸರಿದುಹೋಗಿತ್ತು. ಊಟದ ಡಬ್ಬಿಗಳನ್ನು ಹನ್ನೊಂದೂ ಜನ ಬೋರ್ಡಿನ ಹಿಂದೆ ಬಿಸಿಯಾಗುವ ಕಬ್ಬಿಣದ ಪೆಟ್ಟಿಗೆಯ ಮೇಲೆ ಇಡುತ್ತಿದ್ದರು. ಮಧ್ಯಾಹ್ನ ಒಂದಕ್ಕೆ ಮುಚ್ಚಳ ತೆಗೆದರೆ ಹಬೆ ಬರುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಬಡಿಸಿ ತಾನು ಕೂರುವ ಹೊತ್ತಿಗೆ ಊಟ ಆರಿರುತ್ತಿತ್ತು; ಬಿಸಿ ಊಟವನ್ನು ಟ್ರಂಕಮ್ಮ ತನ್ನ ಬದುಕಿನಲ್ಲಿ ಉಂಡಿದ್ದು ಅಲ್ಲಿ ಮಾತ್ರ.

ಅವಳಿಗೊಂದು ಕೆಟ್ಟ ಅಭ್ಯಾಸವಿತ್ತು, ಸೂಪರ್‌ವೈಸರ್ ಹೇಳುವ ಪ್ರಕಾರ. ಯಾರಾದರೂ ಗಾಬರಿಯಲ್ಲಿ “ಅರ್ಜೆಂಟ್ ಹಾಕಿ” ಎಂದರೆ, “ಬೇಡ ಕಣ್ರೀ, ಈಗ ಲೈನು ಖಾಲಿ ಇದೆ. ಆರ್ಡಿನರೀನೇ ಹತ್ತು ನಿಮಿಷಕ್ಕೆ ಸಿಗುತ್ತೆ. ಸುಮ್ಮನೆ ದಂಡ ಯಾಕೆ?” ಎಂದುಬಿಡುತ್ತಿದ್ದಳು. ಇಲಾಖೆಗೆ ಅವಳಿಂದ ಎಷ್ಟು ನಷ್ಟವಾಯಿತೋ ಯಾರಿಗೆ ಗೊತ್ತು. ಆದರೆ ಬೇಗ ಬೇಕಾ, ಅಗ್ಗಕ್ಕೆ ಬೇಕಾ, ಎರಡೂ ಒಟ್ಟಿಗೆ ಯಾವಾಗ ಸಿಗುತ್ತೆ ಎಂದು ಕೇಳಬೇಕಾದರೆ ನಾಲ್ಕನೇ ಸೀಟನ್ನೇ ಕೇಳಬೇಕು ಎಂಬ ಮಾತು ಊರಲ್ಲಿ ಹಬ್ಬಿತ್ತು.

ಅದೆಲ್ಲ ಮುಗಿದು ಮೂವತ್ತು ವರ್ಷದ ಮೇಲೆ, ಅವಳ ಅರವತ್ತೊಂಬತ್ತನೇ ವಯಸ್ಸಿನಲ್ಲಿ, ಅದೇ ಪ್ರಶ್ನೆ ತಿರುಗಿ ಅವಳ ಮನೆಗೇ ಬಂತು.

ತಂದವಳು ಸೊಸೆ. ಫ್ರಿಜ್ಜು, ವಾಷಿಂಗ್ ಮಷೀನು ಮಾರುವ ಕಂಪನಿಯೊಂದರಲ್ಲಿ ದೂರು ಕೇಳಿಸಿಕೊಳ್ಳುವ ಕೆಲಸ ಅವಳದು. ಮೊದಲು ಒಂದೂವರೆ ಗಂಟೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಮಗಳು ಒಂದನೇ ಕ್ಲಾಸಿಗೆ ಸೇರಿ ಮಧ್ಯಾಹ್ನವೇ ಮನೆಗೆ ಬರುವಂತಾದ ಮೇಲೆ, ಕಾಡಿ ಬೇಡಿ ಮನೆಯಿಂದ ಕೆಲಸ ಮಾಡಲು ಒಪ್ಪಿಗೆ ಪಡೆದಿದ್ದಳು. ಬೆಳಗ್ಗೆ ಹತ್ತರಿಂದ ಎರಡು, ಮತ್ತೆ ನಾಲ್ಕರಿಂದ ಏಳು. ಲ್ಯಾಪ್‌ಟಾಪು ಇಟ್ಟುಕೊಂಡಿದ್ದು ಅಡುಗೆಮನೆಯ ಹಿಂದಿನ, ಪಾತ್ರೆ ತೊಳೆಯುವ ಕಿರುಜಾಗದಲ್ಲಿ. “ಅಲ್ಲಿ ಕೂತ್ರೆ ಅಡುಗೆ ಕಡೆ ಕಣ್ಣೂ ಇರುತ್ತೆ” ಎಂದು ಗಂಡ ಸಲಹೆ ಕೊಟ್ಟಿದ್ದ. ಅದು ಸಲಹೆಯೇ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ.

ಅಲ್ಲಿ ನೆಟ್ ನಿಲ್ಲುತ್ತಿರಲಿಲ್ಲ. ಫ್ರಿಜ್ಜು ಕೆಟ್ಟು ಹಾಲು ಒಡೆದ ಸಂಕಟವನ್ನು ಯಾರೋ ಹೇಳಿಕೊಳ್ಳುತ್ತಿರುವಾಗ ಕರೆ ಕಡಿದುಹೋಗುತ್ತಿತ್ತು. ಮತ್ತೆ ಹಚ್ಚಿದರೆ ಅವರು ಮೊದಲಿಂದ ಬೈಯುತ್ತಿದ್ದರು. ಸೋಮವಾರ ಕಂಪನಿಯಿಂದ ಒಂದು ಮೇಲ್ ಬಂತು. ದಿನಕ್ಕೆ ಐದಕ್ಕಿಂತ ಹೆಚ್ಚು ಕರೆ ಕಡಿಯುವವರಿಗೆ ಮನೆಯಿಂದ ಕೆಲಸ ರದ್ದು, ತಿಂಗಳ ಕೊನೆಯ ಶುಕ್ರವಾರದೊಳಗೆ ಸರಿಪಡಿಸಿಕೊಳ್ಳಬೇಕು, ಆಗದಿದ್ದರೆ ಆಫೀಸಿಗೇ ಬರಬೇಕು. ಸೊಸೆಯದು ದಿನಕ್ಕೆ ಹದಿನಾಲ್ಕು ಕಡಿಯುತ್ತಿತ್ತು. ಆಫೀಸಿಗೆ ಹೋಗುವುದೆಂದರೆ ಅವಳ ಪಾಲಿಗೆ ಕೆಲಸ ಬಿಡುವುದೆಂದೇ ಅರ್ಥ. ಗಡುವಿಗೆ ಹದಿನೆಂಟು ದಿನ ಇತ್ತು.

ಮಗ ಔಷಧಿ ಸಗಟು ಅಂಗಡಿಯಲ್ಲಿ ಮಾರಾಟದವನು. ಹೋಲಿಸಿ ನೋಡುವುದರಲ್ಲಿ ಅವನದು ಎತ್ತಿದ ಕೈ. ರಾತ್ರಿ ಊಟವಾದ ಮೇಲೆ ಮೂರು ಕಂಪನಿಗಳ ದರ, ದಿನಕ್ಕೆ ಎಷ್ಟು ಡೇಟಾ, ಎಷ್ಟು ವೇಗ ಎಲ್ಲವನ್ನೂ ಫೋನಿನಲ್ಲಿ ಪಟ್ಟಿ ಮಾಡಿದ. ಕೇಬಲ್ ಎಳೆಸುವ ಮಾತೇ ಇರಲಿಲ್ಲ, ಮಾಲೀಕ ಗೋಡೆಗೆ ಮೊಳೆ ಹೊಡೆಯಲೂ ಬಿಡುವವನಲ್ಲ. ಈಗ ಇರುವ ಸಿಮ್ಮು ಎಲ್ಲಕ್ಕಿಂತ ಅಗ್ಗದ ಕಂಪನಿಯದು. ಅವನು ನಡುಮನೆಯ ಕಿಟಕಿಯ ಹತ್ತಿರ ಅಪ್ಪನ ಆರಾಮಕುರ್ಚಿಯ ತೋಳಿನ ಮೇಲೆ ಕೂತು ವೇಗ ಅಳೆದ.

“ನಲವತ್ತೆಂಟು! ನೋಡಿ, ಇದಕ್ಕಿಂತ ಎರಡರಷ್ಟು ಕಾಸು ಕಿತ್ತುಕೊಳ್ಳೋ ಕಂಪನಿಗೂ ಐವತ್ತೇ ಬರೋದು. ಮನೇಲಿ ಇಷ್ಟು ಚೆನ್ನಾಗಿ ಬರ್ತಿರುವಾಗ ಕಂಪನಿ ಯಾಕೆ ಬದಲಾಯಿಸಬೇಕು? ನಿನ್ನ ಲ್ಯಾಪ್‌ಟಾಪೇ ಸರಿಯಿಲ್ಲ ಕಣೇ.”

“ಮನೇಲಿ ಅಂದ್ರೆ ಎಲ್ಲಪ್ಪಾ?” ಎಂದಳು ಟ್ರಂಕಮ್ಮ.

“ಎಲ್ಲಿ ಅಂದ್ರೆ? ಇಲ್ಲೇ, ಮನೇಲಿ.”

“ಅಡುಗೆಮನೇನೂ ಮನೇನೇ ತಾನೆ? ಹೆಸರಲ್ಲೇ ಇದೆಯಲ್ಲ.”

“ಅಮ್ಮಾ, ಇದು ನಿನ್ನ ಕಾಲದ ವೈರ್ ಅಲ್ಲ, ಗಾಳೀಲಿ ಬರೋದು.”

“ಗಾಳಿ ಮೊದಲು ಅಡುಗೆಮನೆಗೆ ಬರಲಿ. ಅಲ್ಲಿ ಸೆಕೆ ಜಾಸ್ತಿ.”

ಆರಾಮಕುರ್ಚಿಯಲ್ಲಿ ಒರಗಿದ್ದ ಯಜಮಾನರು, ನಿವೃತ್ತ ಹೆಡ್ ಕ್ಲರ್ಕು, ಟೀವಿಯ ದನಿಯನ್ನು ಇನ್ನೆರಡು ಗೀಟು ಏರಿಸಿದರು. ಆ ಮನೆಯಲ್ಲಿ ಸಭೆ ಮುಗಿಯಿತು ಎನ್ನುವುದಕ್ಕೆ ಅದೇ ಗಂಟೆ.

ಮರುದಿನ ಸೊಸೆಯ ಕರೆಯೊಂದು ಕಡಿಯದೆ ಆರು ನಿಮಿಷ ನಡೆಯಿತು. ಅದೇ ಕರೆಗೆ ಕಂಪನಿಯಿಂದ ಇನ್ನೊಂದು ಕೆಂಪು ಗುರುತೂ ಬಿತ್ತು. ಎಲ್ಲ ಕರೆಗಳನ್ನೂ ರೆಕಾರ್ಡ್ ಮಾಡುತ್ತಾರೆ. ಅದರಲ್ಲಿ ಗಿರಾಕಿ ಹೆಂಗಸು ಹೇಳಿದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು: “ಮೇಡಂ, ನಿಮ್ಮ ಕುಕ್ಕರ್ ಮೂರನೇ ಸಲ ಕೂಗ್ತು. ಹೋಗಿ ಆಫ್ ಮಾಡಿ ಬನ್ನಿ, ನಾನು ಕಾಯ್ತೀನಿ. ನಂದೂ ಒಲೆ ಮೇಲೇ ಇದೆ.”

ಸೊಸೆ ಅದನ್ನು ಹೇಳುತ್ತ ನಗಲು ಹೊರಟು ಅತ್ತುಬಿಟ್ಟಳು. “ಇನ್ನು ಆಗಲ್ಲ ಅತ್ತೆ. ನಾನೇ ರಾಜೀನಾಮೆ ಬರೆದುಕೊಟ್ಟು ಬಿಡ್ತೀನಿ.”

ಬರೆದುಕೊಡುವುದು ಎಂಬ ಮಾತು ಟ್ರಂಕಮ್ಮನ ಕಿವಿಯೊಳಗೆ ಎಲ್ಲೋ ಹಳೆಯ ತೂತಿಗೆ ಹೋಗಿ ಕೂತಿತು.

ಅವಳೂ ಬರೆದುಕೊಟ್ಟವಳೇ. ಎಕ್ಸ್‌ಚೇಂಜಿಗೆ ತಾನೇ ಲೈನು ಜೋಡಿಸುವ ಯಂತ್ರ ಬಂದಾಗ ಹನ್ನೊಂದು ಸೀಟುಗಳೂ ಬೇಡವಾದವು. ಬೇರೆ ಊರಿನ ಕಚೇರಿಗೆ ಹೋಗುವವರಿಗೆ ಕೆಲಸ, ಒಲ್ಲದವರಿಗೆ ಇಡಿಗಂಟು, ಜೊತೆಗೊಂದು ಸಣ್ಣ ಪೆನ್ಷನ್ನು. ಆಗ ಅವಳಿಗೆ ಮೂವತ್ತೊಂಬತ್ತು. ಯಜಮಾನರು ಕೆಟ್ಟವರಾಗಿರಲಿಲ್ಲ. “ನೀನೇ ಯೋಚನೆ ಮಾಡು. ನಾನೇನೂ ಬೇಡ ಅನ್ನಲ್ಲ. ಆದ್ರೆ ಮನೆ?” ಎಂದಿದ್ದರು. ಅಷ್ಟೇ. ಆ ‘ಮನೆ’ಯಲ್ಲಿ ಎಷ್ಟು ಪಾತ್ರೆ, ಎಷ್ಟು ಬಟ್ಟೆ, ಎಷ್ಟು ಹೊತ್ತಿನ ಟೀ ಇದೆಯೆಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅವಳು ಸಹಿ ಹಾಕಿದಳು. ಇಡಿಗಂಟಿನಲ್ಲಿ ಮಗನ ಸ್ಕೂಲಿನ ಖರ್ಚು ಕಳೆದು ಒಂದಿಷ್ಟು ಮಿಕ್ಕಿತ್ತು. ಅದರಲ್ಲಿ ಕೊಂಡದ್ದೇ ಆ ಬೆತ್ತದ ಆರಾಮಕುರ್ಚಿ. ಕೊಳ್ಳುವಾಗ, ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಇದರಲ್ಲಿ ಕಾಲು ಚಾಚಿ ಕೂರಬಹುದು ಎಂದು ಅವಳು ಅಂದುಕೊಂಡಿದ್ದಳು. ಮನೆಗೆ ತಂದು ಕಿಟಕಿಯ ಪಕ್ಕ ಇಳಿಸಿದ ದಿನ ಯಜಮಾನರು ಹೇಗಿದೆಯೆಂದು ಕೂತು ನೋಡಿದರು. ಚೆನ್ನಾಗಿತ್ತು.

ಬುಧವಾರ ಟ್ರಂಕಮ್ಮ ಮೊಮ್ಮಗಳ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಗಳನ್ನು ಹರಿದು ಹೊಲಿದು, ಎಕ್ಸ್‌ಚೇಂಜಿನ ದಿನಚರಿ ಪುಸ್ತಕದ ಹಾಗೆ ಗೆರೆ ಎಳೆದಳು. ವೇಳೆ, ಸ್ಥಳ, ಲೈನಿನ ಸ್ಥಿತಿ. ಸ್ಥಿತಿಗೆ ಆಗ ಬರೆಯುತ್ತಿದ್ದ ಮೂರೇ ಮಾತು: ಸ್ಪಷ್ಟ, ಕ್ಷೀಣ, ಕಡಿತ. ನಲವತ್ತೆಂಟು, ಐವತ್ತು ಎಂಬ ಮಗನ ಅಂಕಿಗಳಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಮೂರು ನಿಮಿಷ ಮಾತು ತುಂಡಾಗದೆ ನಿಲ್ಲುತ್ತದೋ ಇಲ್ಲವೋ, ಅವಳಿಗೆ ಬೇಕಾದ್ದು ಅಷ್ಟೇ.

ಅಗ್ಗದ ಸಿಮ್ಮು ಮನೆಯಲ್ಲೇ ಇತ್ತು. ನಡುವಿನ ದರದ್ದು ಟೈಲರಮ್ಮನ ಹತ್ತಿರ ಹೆಚ್ಚುವರಿಯಾಗಿತ್ತು. ದುಬಾರಿಯದನ್ನು ಏಳು ದಿನದ ಮಟ್ಟಿಗೆ ತನ್ನ ಪೆನ್ಷನ್ನಿನಲ್ಲಿ ತರಿಸಿದಳು. ಟ್ರಂಕಮ್ಮ ಮನೆಯ ಒಂದೊಂದು ಜಾಗದಲ್ಲೂ ನಿಂತು ನೆಟ್ಟಿನ ಮೂಲಕ ಕೆಳಗಿನ ಅಂಗಡಿಗೆ ಕರೆ ಮಾಡಿ, ಕುಕ್ಕರಿನ ಗ್ಯಾರಂಟಿ ಪುಸ್ತಕವನ್ನು ಮೂರು ನಿಮಿಷ ಗಟ್ಟಿಯಾಗಿ ಓದುವುದು. ಟೈಲರಮ್ಮ ಹೊಲಿಯುತ್ತ ಹೊಲಿಯುತ್ತ ಕೇಳಿಸಿಕೊಂಡು, ಮಾತು ತುಂಡಾದಾಗಲೆಲ್ಲ ಬಟ್ಟೆಚೂರಿನ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುವುದು. ಎರಡನೇ ದಿನ ಟೈಲರಮ್ಮ ಬಟ್ಟೆಚೂರು ಬಿಟ್ಟು ಗಿರಾಕಿಯೊಬ್ಬರ ಕೋಟಿನ ಮೇಲೆ ಗೀಟು ಎಳೆದಳು. ಸಂಜೆ ಅದನ್ನೇ ಅಳತೆಯೆಂದು ತಿಳಿದು ಕತ್ತರಿ ಹಾಕಲಿದ್ದಳು.

“ನಿಮ್ಮ ಅಗ್ಗದ ಕಂಪನಿ ಒಬ್ಬ ಗಂಡಸಿನ ಕೋಟು ತಿಂದ್ಹಾಕ್ತಿತ್ತು ಅಮ್ಮಾ!”

“ಹೇಗಿದ್ದಾರೆ ಮೂರು ಜನ ಗಂಡುಗಳು? ಕೇಳಿಸಿಕೊಂಡವಳು ನೀನು, ನೀನೇ ಹೇಳು.”

“ಅಗ್ಗದವನು ಮಾತಲ್ಲಿ ಜೋರು. ಒಲೆ ಹತ್ರ ಹೋದ ತಕ್ಷಣ ನಾಪತ್ತೆ.”

“ದುಬಾರಿಯವನು?”

“ಅವನು ಒಲೆ ಹತ್ರಾನೂ ಬರ್ತಾನೆ, ಸುಳ್ಳು ಹೇಳಬಾರದು. ಸಂಜೆ ಐದರವರೆಗೆ ಚಿನ್ನದಂಥ ಹುಡುಗ. ಆಮೇಲೆ ಕಟ್ಟಡದವರೆಲ್ಲ ಮನೆಗೆ ಬಂದು ಫೋನ್ ಹಿಡಿದ್ರೆ ನಮ್ಮ ಗುರುತೇ ಇರಲ್ಲ.”

“ನಡುವಿನವನು?”

“ಸಾಧು. ಕರೆದ್ರೆ ಬರ್ತಾನೆ. ಬರೋ ಹೊತ್ತಿಗೆ ಯಾಕೆ ಕರೆದ್ವಿ ಅನ್ನೋದು ನಮಗೇ ಮರ್ತ್ಹೋಗಿರುತ್ತೆ. ನಮ್ಮನೆಯವರ ಥರಾನೇ.”

ಇಬ್ಬರೂ ಎಷ್ಟು ನಕ್ಕರೆಂದರೆ ಕರೆ ಕಡಿದದ್ದೇ ಗೊತ್ತಾಗಲಿಲ್ಲ.

ನಗು ನಿಂತ ಮೇಲೆ ಟ್ರಂಕಮ್ಮನಿಗೆ ಚಿಂತೆ ಹತ್ತಿತು. ಸೊಸೆಯ ಕೆಲಸ ಏಳರವರೆಗೆ. ದುಬಾರಿ ಸಿಮ್ಮು ಕೈಕೊಡುವುದು ಐದಕ್ಕೆ. ಫೋನನ್ನು ಕಿಟಕಿಯಲ್ಲಿಟ್ಟು ಅಲ್ಲಿಂದ ಅಡುಗೆಮನೆಗೆ ನೆಟ್ ಹಂಚುವ ಉಪಾಯವನ್ನು ಮಗ ಮಾಡಿ ನೋಡಿದ್ದ. ನಡುವಿನ ಎರಡು ಗೋಡೆ, ಒಂದು ಫ್ರಿಜ್ಜು ಅದನ್ನು ನುಂಗಿ ನೀರು ಕುಡಿದಿದ್ದವು. ಮಲಗುವ ಕೋಣೆಗಳೆರಡೂ ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿದ್ದವು. ಪುಸ್ತಕದಲ್ಲಿ ಅವುಗಳ ಮುಂದೆ ಮೂರು ಸಿಮ್ಮಿಗೂ ‘ಕ್ಷೀಣ’, ‘ಕಡಿತ’ ಎಂದೇ ಇತ್ತು.

ಶನಿವಾರ ಯಜಮಾನರು ಕ್ಷೌರಕ್ಕೆ ಹೋದರು. ಟ್ರಂಕಮ್ಮ ದಿನಚರಿಯ ಮೇಲೆ ಕಣ್ಣಾಡಿಸಿದಳು. ಪಾತ್ರೆ ತೊಳೆಯುವ ಜಾಗ, ಒಲೆಯ ಮುಂದೆ, ಊಟದ ಮೇಜು, ಬಚ್ಚಲಿನ ಬಾಗಿಲು, ಬಟ್ಟೆ ಒಣಗಿಸುವ ಮೂಲೆ. ಹದಿಮೂರು ಜಾಗ ಬರೆದಿದ್ದಳು. ಹದಿಮೂರೂ ಅವಳು ದಿನಾ ನಿಲ್ಲುವ ಜಾಗಗಳೇ. ಕೂರುವ ಒಂದು ಜಾಗವನ್ನು ಬರೆಯುವುದೇ ಅವಳಿಗೆ ಹೊಳೆದಿರಲಿಲ್ಲ.

ಕುರ್ಚಿಯ ಮೇಲಿನ ಪತ್ರಿಕೆಗಳನ್ನು ಎತ್ತಿ ನೆಲಕ್ಕಿಟ್ಟಳು. ಕೂತಳು. ಬೆತ್ತ ನಡುವಿನಲ್ಲಿ ಬೇರೊಬ್ಬರ ಆಕಾರಕ್ಕೆ ತಗ್ಗಿತ್ತು, ಅವಳು ಒಂದು ಪಕ್ಕಕ್ಕೆ ವಾಲಿದಳು. ಆದರೂ ಕಿಟಕಿಯಿಂದ ಎದುರು ಬ್ಯಾಂಕಿನ ತಾರಸಿ, ಅದರ ಮೇಲಿನ ಮೊಬೈಲ್ ಟವರು, ಅದಕ್ಕೂ ಆಚೆ ಆಕಾಶ ಎಲ್ಲ ಕಾಣುತ್ತಿತ್ತು. ಈ ಮನೆಯಿಂದ ಇಷ್ಟು ಆಕಾಶ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಟೀ ಲೋಟ ಕೊಟ್ಟು ತಿರುಗಿ ಬರುವಷ್ಟರಲ್ಲಿ ಕಾಣುವುದು ಎಷ್ಟು?

ಅಗ್ಗದ ಸಿಮ್ಮು, ಮೂರು ನಿಮಿಷ. ಟೈಲರಮ್ಮ ಒಂದು ಗೀಟೂ ಎಳೆಯಲಿಲ್ಲ. ನಡುವಿನದು, ಇಲ್ಲ. ದುಬಾರಿಯದು, ಇಲ್ಲ. ಸಂಜೆ ಆರಕ್ಕೆ, ಯಜಮಾನರು ವಾಕಿಂಗ್ ಹೋದಾಗ, ಮತ್ತೆ ಅಗ್ಗದ್ದನ್ನೇ ಹಚ್ಚಿದಳು. ಗ್ಯಾರಂಟಿ ಪುಸ್ತಕ ಮುಗಿದು ಮೊಮ್ಮಗಳ ಪಾಠವನ್ನೂ ಓದಿದಳು. “ಅಮ್ಮಾ, ಸಾಕು, ನನಗೆ ಎಲ್ಲ ಬಾಯಿಪಾಠ ಆಯ್ತು” ಎಂದಳು ಟೈಲರಮ್ಮ.

ಮಗನ ಅಂಕಿಗಳು ಸುಳ್ಳಾಗಿರಲಿಲ್ಲ. ಅವನು ಅಳೆದದ್ದು ಕುರ್ಚಿಯನ್ನು, ಹೇಳಿದ್ದು ಮಾತ್ರ ಮನೆ ಎಂದು.

ಭಾನುವಾರ ತಿಂಡಿ ಆದ ಮೇಲೆ ಟ್ರಂಕಮ್ಮ ದಿನಚರಿಯನ್ನು ಊಟದ ಮೇಜಿನ ಮೇಲೆ ಬಿಚ್ಚಿಟ್ಟು ಎಲ್ಲರನ್ನೂ ಕರೆದಳು. ಯಜಮಾನರು ಕುರ್ಚಿಯಿಂದಲೇ, “ಅಲ್ಲಿಂದಲೇ ಹೇಳು, ಕೇಳುತ್ತೆ” ಎಂದರು.

“ಕಂಪನಿ ಬದಲಾಯಿಸೋದು ಬೇಡ. ಇರೋದೇ ಸಾಕು, ಅಗ್ಗವೂ ಆಯ್ತು. ಈ ಕುರ್ಚಿ ಹಿಂದಕ್ಕೆ ಹೋಗಬೇಕು. ಕಿಟಕಿ ಹತ್ರ ಇವಳ ಮೇಜು ಬರಬೇಕು.”

ಸೊಸೆ ಬೆಚ್ಚಿ ಅತ್ತೆಯ ಸೆರಗು ಹಿಡಿದಳು. “ಅಯ್ಯೋ ಬೇಡ ಅತ್ತೆ, ಮಾವನಿಗೆ ತೊಂದರೆ.”

“ಇವಳೇ, ನಿನಗೆ ತಲೆ ಕೆಟ್ಟಿದೆಯಾ?” ಯಜಮಾನರು ಟೀವಿಯ ದನಿ ತಗ್ಗಿಸಿದರು. ಹಾಗೆ ಮಾಡಿದ್ದೇ ಅಪರೂಪ. “ದುಬಾರಿ ಕಂಪನಿನೇ ಹಾಕಿಸಿಕೊಳ್ಳಲಿ. ಹೆಚ್ಚಿನ ದುಡ್ಡು ನಾನೇ ಕೊಡ್ತೀನಿ.”

“ಅದು ಸಂಜೆ ಐದಕ್ಕೆ ಕಡಿಯುತ್ತೆ. ಬರೆದಿದೀನಿ, ನೋಡಿ. ಸುಮ್ಮನೆ ದಂಡ ಯಾಕೆ ರೀ? ಆರ್ಡಿನರೀನೇ ಸಿಗುತ್ತಿರುವಾಗ?”

“ನಾನೆಲ್ಲಿ ಕೂತ್ಕೊಳ್ಳಲಿ?”

“ಪಾತ್ರೆ ತೊಳೆಯೋ ಜಾಗದಲ್ಲಿ ಬೆಳಕು ಚೆನ್ನಾಗಿದೆ, ಪೇಪರ್ ಓದೋಕೆ. ಒಂದು ವರ್ಷದಿಂದ ಇವಳು ಕೂತಿಲ್ವಾ? ನಮಗೇನಾದ್ರೂ ತೊಂದರೆ ಕಾಣಿಸ್ತಾ?”

ಮಗ ದಿನಚರಿಯ ಕಡೆ ಬಾಗಿದ. ಹದಿಮೂರು ಜಾಗಗಳ ಪಟ್ಟಿಯ ಮೇಲೆ ಅವನ ಬೆರಳು ನಿಧಾನವಾಗಿ ಇಳಿಯಿತು. ಕೊನೆಗೆ, ಹದಿನಾಲ್ಕನೆಯದರ ಮೇಲೆ ನಿಂತಿತು. ‘ಕುರ್ಚಿ: ಸ್ಪಷ್ಟ, ಸ್ಪಷ್ಟ, ಸ್ಪಷ್ಟ.’

“ಮೂವತ್ತು ವರ್ಷದ ಕುರ್ಚಿ ಕಣೇ ಅದು” ಎಂದರು ಯಜಮಾನರು. ದನಿಯಲ್ಲಿ ಸಿಟ್ಟು ಅರ್ಧ ಇಳಿದಿತ್ತು.

“ಗೊತ್ತು. ಕೊಂಡವಳು ನಾನೇ ಅಲ್ವಾ?”

ಈ ಮಾತನ್ನು ಅವಳು ಮೂವತ್ತು ವರ್ಷ ಆಡಿರಲಿಲ್ಲ. ಬೋರ್ಡಿನ ಮುಂದೆ ಕೂತಷ್ಟು ಕಾಲವೂ ಅವಳ ಕೆಲಸ “ಮಾತಾಡಿ” ಎಂದು ಬೇರೆಯವರಿಗೆ ಹೇಳಿ ತಾನು ಸರಿದುಬಿಡುವುದಾಗಿತ್ತು. ಆಮೇಲೆ ಮನೆಯಲ್ಲೂ ಅದೇ ರೂಢಿಯಾಯಿತು. ಈ ಸಲ ಅವಳು ಸರಿಯಲಿಲ್ಲ. ಯಜಮಾನರು ಎದ್ದು ನಿಲ್ಲುವ ತನಕ ಅಲ್ಲೇ, ಮೇಜಿಗೆ ಕೈಯೂರಿ ನಿಂತಿದ್ದಳು.

ಕುರ್ಚಿಯನ್ನು ಮಗನೇ ಹೊತ್ತ. ಅದಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಬೆಳ್ಳನೆಯ ಗುರುತು ಕಂಡವು. ಮೊಮ್ಮಗಳು ಅವುಗಳ ಮೇಲೆ ಕುಂಟುತ್ತ ಆಡಿದಳು. ಟೈಲರಮ್ಮ ತನ್ನ ಅಂಗಡಿಯ ಎತ್ತರದ ತಿರುಗುಸ್ಟೂಲನ್ನು ಕಳಿಸಿಕೊಟ್ಟಳು. ಟ್ರಂಕಮ್ಮ ಸೊಸೆಯನ್ನು ಅದರ ಮೇಲೆ ಕೂರಿಸಿ, ಪಾದ ನೆಲಕ್ಕೆ ತಾಗುವ ತನಕ ತಿರುಗಿಸಿ ತಿರುಗಿಸಿ ಇಳಿಸಿದಳು. “ಇನ್ನು ಇದನ್ನ ಯಾರೂ ಮುಟ್ಟಬಾರದು” ಎಂದಳು.

ಯಜಮಾನರು ಮೊದಲ ಎರಡು ದಿನ ಪಾರ್ಕಿನಲ್ಲಿ ಕಳೆದರು. ಮೂರನೇ ದಿನ ಬಿಸಿಲು ಜೋರಾಗಿತ್ತು. ಪತ್ರಿಕೆ ಹಿಡಿದು ಹಿಂದಿನ ಜಾಗಕ್ಕೆ ಹೋಗಿ ಕೂತರು. ಬೆಳಕು ಚೆನ್ನಾಗಿತ್ತು, ಅದನ್ನು ಅವರು ಯಾರಿಗೂ ಹೇಳಲಿಲ್ಲ.

ಕೊನೆಯ ಶುಕ್ರವಾರ ಮಧ್ಯಾಹ್ನ ಕಂಪನಿಯ ಮೇಲ್ ಬಂತು. ಹತ್ತು ದಿನದಲ್ಲಿ ಕಡಿದ ಕರೆ ಒಂದೇ ಒಂದು. ಅದೂ ಗಿರಾಕಿ ಸಿಟ್ಟಿನಲ್ಲಿ ಫೋನ್ ಕುಕ್ಕಿದ್ದು. ಮನೆಯಿಂದ ಕೆಲಸ ಮುಂದುವರಿಸಬಹುದು. ಸೊಸೆ ಹೆಡ್‌ಸೆಟ್ ಕಳಚಿ ಓದಿ ಹೇಳಿದಳು. ಕಳಚಿದಾಗ ಅವಳ ಕೂದಲಲ್ಲಿ ಪಟ್ಟಿಯ ಗುರುತು ಕಂಡಿತು. ಬೈತಲೆ ಒಂದು ಎಳೆಯಷ್ಟು ಎಡಕ್ಕೆ ಸರಿಯುತ್ತಿತ್ತು. ಟ್ರಂಕಮ್ಮ ಕೈ ಚಾಚಿ ಅದನ್ನು ಸರಿಮಾಡಲು ಹೋದವಳು, ಬೇಡವೆಂದು ಹಾಗೇ ಬಿಟ್ಟಳು.

ಅಷ್ಟರಲ್ಲಿ ಮುಂದಿನ ಕರೆ ಬಂತು. ಸೊಸೆ ಹೆಡ್‌ಸೆಟ್ ಏರಿಸಿ “ನಮಸ್ಕಾರ, ಹೇಳಿ” ಎಂದಳು. ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದ ಟ್ರಂಕಮ್ಮನ ತುಟಿ ತನ್ನಷ್ಟಕ್ಕೇ “ಮಾತಾಡಿ” ಎಂದಿತು.

ಹಿಂದಿನಿಂದ ಯಜಮಾನರ ಕೂಗು ಬಂತು. “ಇವಳೇ, ಕುಕ್ಕರ್ ಮೂರು ಸಲ ಕೂಗ್ತು!”

“ನಾಬ್ ಬಲಕ್ಕೆ ತಿರುಗಿಸಿ ರೀ” ಎಂದಳು ಅವಳು, ಸೊಸೆಯ ಕರೆಗೆ ಕೇಳಿಸದಷ್ಟು ಮೆಲ್ಲಗೆ, ಹಿಂದಿನವರೆಗೆ ತಲುಪುವಷ್ಟು ಜೋರಾಗಿ. ಹದಿನೆಂಟು ವರ್ಷ ಅಭ್ಯಾಸವಾದ ದನಿ ಅದು. ಎದ್ದು ಹೋಗಲಿಲ್ಲ.

ಹಿಂದೆ ಆರಾಮಕುರ್ಚಿಯ ಬೆತ್ತ ಕಿರುಗುಟ್ಟಿತು. ಆಮೇಲೆ ಎರಡು ಗೋಡೆ, ಒಂದು ಫ್ರಿಜ್ಜು ದಾಟಿಕೊಂಡು ‘ಟಿಕ್’ ಎಂಬ ಸದ್ದು ಬಂತು.

ಸ್ಪಷ್ಟ.